ಗಂಗಣ್ಣನ ಮೇಲೆ ಬಿದ್ದ ಸೋಬರ್

ಮಧುಗಿರಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದ ಗಂಗಣ್ಣನ ಮದುವೆಗೆ ಅಡ್ಡ ಬಂದದ್ದು ಇಂಗ್ಲಿಷಿನ ಒಂದೇ ಒಂದು ಪದ. ಅದನ್ನು ಆಡಿದವರು ಅವನ ಒಳ್ಳೆಯದನ್ನೇ ಬಯಸುತ್ತಿದ್ದ ಇಂಗ್ಲಿಷ್ ಮೇಷ್ಟ್ರು ವೃಷಭೇಂದ್ರಪ್ಪನವರು.

ಹೊಳವನಹಳ್ಳಿಯ ಮೂಡಲಗಿರಿಯಪ್ಪ ತಮ್ಮ ಮಗಳು ನಾಗಕ್ಕನಿಗೆ ವರ ವಿಚಾರಿಸಲು ಅಂದು ಕಾಲೇಜಿಗೆ ಬಂದಿದ್ದರು. ಸಿದ್ದರಬೆಟ್ಟದಲ್ಲಿ ಜಾರಿ ಬಿದ್ದ ತನ್ನನ್ನು ನೋಡಿ ನಾಗಕ್ಕ ನಕ್ಕಾಗಿನಿಂದ ಗಂಗಣ್ಣನಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ.

"ಗಂಗಣ್ಣ ಅನ್ನೋ ಹುಡುಗ ಹೆಂಗೆ ಸಾಮಿ?"

"ವೆರಿ ಸೋಬರ್ ಬಾಯ್!" ಎಂದ ಮೇಷ್ಟ್ರು, ಗಂಟೆ ಹೊಡೆದದ್ದೇ ಕ್ಲಾಸಿಗೆ ಓಡಿದರು.

ಮೂಡಲಗಿರಿಯಪ್ಪ ಆ ಪದದ ಅರ್ಥ ಕೇಳಲು ಎದುರಿನ ಟೀ ಅಂಗಡಿಗೆ ಹೋದರು. ಅಲ್ಲಿ ಆಸ್ಪತ್ರೆಯ ಕಾಂಪೌಂಡರ್ ಮಹಾಲಿಂಗಯ್ಯ ಕೂತಿದ್ದ. ಔಷಧಿ ಸೀಸೆಗಳನ್ನು ಓದಿ ಓದಿ ಅವನಿಗೆ ಬಾರದ ಇಂಗ್ಲಿಷೇ ಇರಲಿಲ್ಲ.

"ಸೋಬರ್ ಅಂದ್ರೆ ಕುಡಿದಿದ್ದು ಇಳಿದಿದೆ ಅಂತ ಯಜಮಾನ್ರೇ."

"ಬೆಳಿಗ್ಗೆ ಇಳಿದಿದ್ರೆ ಸಂಜೆಗೆ ಏರ್ತದಲ್ಲಪ್ಪಾ!" ಎಂದು ಮೂಡಲಗಿರಿಯಪ್ಪ ಅರ್ಧ ಟೀ ಬಿಟ್ಟು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಊಟಕ್ಕೆಂದು ಗಂಗಣ್ಣ ಬಾಡಿಗೆ ಕೋಣೆಗೆ ಬಂದರೆ ಅವನ ಟ್ರಂಕೂ ಹಾಸಿಗೆಯೂ ಜಗುಲಿಯ ಮೇಲೆ ಕೂತಿದ್ದವು. ಬಾಗಿಲಲ್ಲಿ ಮನೆಯೊಡತಿ ಕಮಲಾಕ್ಷಮ್ಮ.

"ಲಿಂಗಪೂಜೆ ನಡೆಯೋ ಮನೆ ಕಣಪ್ಪ ಇದು. ನೀನು ಸೋಬರ್ ಅಂತ ನಿಮ್ಮ ಇಂಗ್ಲಿಷ್ ಮೇಷ್ಟ್ರೇ ಅಂದ್ರಂತೆ, ಟೀ ಅಂಗಡೀಲಿ ಕಾಂಪೌಂಡ್ರು ಅರ್ಥ ಬಿಡಿಸಿ ಹೇಳಿದ್ರಂತೆ. ಸೋಬರ್ ಆದೋರಿಗೆ ಜಾಗ ಇಲ್ಲ. ಹೆಣ್ಣಿನ ತಂದೇನೂ ಬ್ಯಾಡ ಅಂತ ಬಸ್ಸಿಗೆ ಹೊರಟ್ರಂತೆ."

"ಅಮ್ಮಾ, ಸೋಬರ್ ಅಂದ್ರೆ ಕುಡಿಯದೋನು!"

"ನಮ್ಮನೆಯೋರು ಹುಟ್ಟಿದಾಗಿಂದ ಕುಡಿದಿಲ್ಲ. ಅವರಿಗೆ ಯಾರಾದ್ರೂ ಸೋಬರ್ ಅಂದಿದಾರಾ?"

ಹಾಜರಿ ಕೂಗಿದಾಗ 'ಎಸ್ ಸಾರ್' ಅನ್ನುವುದಕ್ಕೆ ಬಿಟ್ಟರೆ ಬಾಯಿ ತೆರೆಯದಿದ್ದ ಗಂಗಣ್ಣ ಒಲೆ ಮೇಲಿಟ್ಟ ಹಾಲಿನಂತೆ ಉಕ್ಕಿದ. ನೇರ ಮೇಷ್ಟ್ರ ಕ್ಲಾಸಿಗೆ ನುಗ್ಗಿದ.

"ಸಾರ್! ನನ್ನ ಮೇಲೆ ಹಾಕಿರೋ ಸೋಬರ್ ವಾಪಸ್ ತಗೊಳ್ಳಿ!"

"ಹೊಗಳಿದ್ದು ಕಣಯ್ಯಾ! ನಿನ್ನ ನಡತೆ ಸೋಬರ್, ತೊಡೋ ಬಟ್ಟೆ ಸೋಬರ್…"

"ಬಟ್ಟೇನೂ ಕುಡೀತದಾ ಸಾರ್?"

ಕ್ಲಾಸು ಹೋ ಎಂದಿತು. ಗಂಗಣ್ಣ ಮೇಷ್ಟ್ರ ಕೈ ಹಿಡಿದೆಳೆದು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿದ. ದಾರಿಯಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿ, "ಲೇ ಕಾಂಪೌಂಡ್ರೇ, ಸೀಸೆ ಮೇಲಿರೋದೆಲ್ಲ ಇಂಗ್ಲಿಷ್ ಅಲ್ಲ ಕಣ್ಲಾ!" ಎಂದು ಗುಡುಗಿದ. ಮಹಾಲಿಂಗಯ್ಯನ ಕೈಯಿಂದ ಗ್ಲಾಸು ಜಾರಿ ಚೂರಾಯಿತು.

ಅವರು ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಕೊರಟಗೆರೆ ಕಡೆಯ ಬಸ್ಸು ಹೊರಟೇಬಿಟ್ಟಿತ್ತು. ಗಂಗಣ್ಣ ಸೈಕಲ್ ಬಿಸಾಡಿ ಬಸ್ಸಿನ ಮುಂದೆ ಅಡ್ಡಡ್ಡ ಮಲಗಿದ. ಅಂಗಿಯ ಗುಂಡಿಗಳು ಹಾರಿದ್ದವು, ತಲೆ ತುಂಬ ಧೂಳು.

"ನ್ಯಾಯ ಆಗೋಗಂಟ ಬಸ್ಸು ಹೋಗಂಗಿಲ್ಲ! ಹೋಗೋದಾದ್ರೆ ನನ್ನ ಮೇಲೇ ಹೋಗ್ಲಿ!"

ಡ್ರೈವರ್ ಹಾರನ್ ಒತ್ತಿದ. ಕಂಡಕ್ಟರ್ ಸೀಟಿ ಊದಿದ. ಗಂಗಣ್ಣ ಎರಡನ್ನೂ ಮೀರಿಸಿ ಕೂಗಿದ.

ಈ ಗದ್ದಲದಲ್ಲಿ ಮೇಷ್ಟ್ರು ಪಂಚೆ ಸರಿಮಾಡಿಕೊಳ್ಳುತ್ತ ಕಿಟಕಿಯಲ್ಲಿ ಕೂತಿದ್ದ ಮೂಡಲಗಿರಿಯಪ್ಪನವರ ಹತ್ತಿರ ಬಂದರು.

"ಯಜಮಾನ್ರೇ, ತಪ್ಪು ತಿಳಿದಿದೀರಿ. ಸೋಬರ್ ಅಂದ್ರೆ ಕುಡುಕ ಅಲ್ಲ. ಶಾಂತ ಸ್ವಭಾವ, ಮೆತ್ತನೆ ಮಾತು, ಎಷ್ಟು ಕೆಣಕಿದ್ರೂ ಸಿಟ್ಟು ಬಾರದೋನು ಅಂತ."

ಯಜಮಾನರ ಮುಖ ಅರಳಿತು. "ಅಂಗನ್ನಿ ಮತ್ತೆ! ನಾನು ಹುಡುಕ್ತಿರೋದೇ ಅಂಥೋನ್ನ. ಒಪ್ಪಿದೆ ಸಾಮಿ, ಒಪ್ಪಿದೆ! ಎಲ್ಲವ್ನೆ ನಮ್ಮ ಅಳಿಯ? ನಾನಿನ್ನೂ ಮೊಕಾನೇ ನೋಡಿಲ್ಲ."

ಮೇಷ್ಟ್ರು ಬಸ್ಸಿನ ಮುಂದೆ ಕೈಕಾಲು ಬಡಿಯುತ್ತಿದ್ದ ಆಕೃತಿಯ ಕಡೆಗೆ ಬೆರಳು ಮಾಡಿದರು.

ಮೂಡಲಗಿರಿಯಪ್ಪ ಕತ್ತು ಹೊರಗೆ ಹಾಕಿ ಬಹಳ ಹೊತ್ತು ನೋಡಿದರು.

"ಬ್ಯಾಡಿ ಸಾಮಿ. ಕುಡಿದಿದ್ರೆ ನಾಳೀಕಾದ್ರೂ ಇಳೀತಿತ್ತು. ಇದು ಇಳಿಯೋದಲ್ಲ."

ಬಸ್ಸು ಹಿಂದೆ ಸರಿದು, ಗಂಗಣ್ಣನನ್ನು ಬಳಸಿಕೊಂಡು ಹೊರಟಿತು. ಅವನು ಧಡಕ್ಕನೆ ಎದ್ದು ಧೂಳಿನ ನಡುವೆ ಮುಷ್ಟಿ ಎತ್ತಿದ.

"ಹೋಗ್ರೀ ಹೋಗ್ರೀ! ನಾನು ಸೋಬರ್ ಅಲ್ಲ! ಯಾವತ್ತೂ ಆಗೋನೂ ಅಲ್ಲ!"

ಸೋಬರ್ ಅಂದರೆ ಕುಡುಕನಲ್ಲ, ಶಾಂತ ಸ್ವಭಾವದವನು ಎಂದು ಮೇಷ್ಟ್ರ ಬಾಯಿಂದ ಆಗತಾನೇ ಕೇಳಿದ್ದ ಸುತ್ತಲ ಅಂಗಡಿಯವರೆಲ್ಲ ಅದನ್ನೂ ಚೆನ್ನಾಗಿ ಕೇಳಿಸಿಕೊಂಡರು. ಸಂಜೆಯವರೆಗೆ ಟ್ರಂಕು ಹೊತ್ತು ಅಲೆದರೂ ಗಂಗಣ್ಣನಿಗೆ ಆ ಊರಲ್ಲಿ ಇನ್ನೊಂದು ಕೋಣೆ ಸಿಗಲಿಲ್ಲ.