ನೂರು ವ್ಯಾಟಿನ ಅತಿಥಿಗಳು

ಮನೆಗೆ ಬರುವವರನ್ನು ನನ್ನ ಗಂಡ ವ್ಯಾಟುಗಳಲ್ಲಿ ಎಣಿಸಲು ಶುರುಮಾಡಿದ ದಿನವೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ, ಏಕೆಂದರೆ ಸುಸ್ತಾಗಿತ್ತು. ಸ್ವೀಡನ್ನಿನ ಓರೆಬ್ರೂ ಎಂಬ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಊರವರ ರಕ್ತ ಪರೀಕ್ಷೆ ಮಾಡಿ ಮನೆಗೆ ಬರುವವಳಿಗೆ (ಮನೆಯಲ್ಲಿ ನನ್ನ ರಕ್ತ ಹೀರುವವರು ಬೇರೆ ಇದ್ದಾರೆ) ಬೇಕಾಗಿರುವುದು ಒಂದೇ. ಕಾಲು ಚಾಚಿಕೊಂಡು, ಯಾರ ಹತ್ತಿರವೂ ಮಾತಾಡದೆ, ಕಾಫಿ ಲೋಟ ಹಿಡಿದು ಸುಮ್ಮನೆ ಕೂರುವ ಒಂದು ಸಂಜೆ. ಈ ದೇಶದಲ್ಲಿ ಜನವರಿಯ ಕತ್ತಲೆ ಮಧ್ಯಾಹ್ನ ಮೂರೂವರೆಗೇ ಬಂದು ಕೂರುತ್ತದೆ. ಅಷ್ಟುದ್ದದ ಸಂಜೆಯಲ್ಲಿ ನನಗೊಂದು ಚೂರು ಸಿಗಬಾರದೇ? ಸಿಗಲಿಲ್ಲ.

ನಮ್ಮವರು, ಅಂದರೆ ಗೋಪೀನಾಥ, ಕಟ್ಟಡಗಳ ನಕ್ಷೆ ಮಾಡುವವರು. ನಮ್ಮ ಬಡಾವಣೆಯ ನಿವಾಸಿಗಳ ಸಂಘ ಒಂದು ಸಮುದಾಯ ಭವನ ಕಟ್ಟಿಸಲು ಹೊರಟಾಗ, ಹೀಟರೇ ಇಲ್ಲದ ಭವನ ಮಾಡಿಕೊಡುತ್ತೇನೆಂದು ಇವರು ಮಾತು ಕೊಟ್ಟು ಬಂದರು. ದಪ್ಪ ಗೋಡೆ, ಮೂರು ಪದರದ ಗಾಜು, ಗಾಳಿ ನುಸುಳದ ಬಾಗಿಲು. ಒಳಗೆ ಕೂತವರ ಮೈಬಿಸಿಯೇ ಭವನವನ್ನು ಬೆಚ್ಚಗಿಡುತ್ತದಂತೆ. ಮನುಷ್ಯ ಏನೂ ಮಾಡದೆ ಕೂತರೂ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಕೊಡುತ್ತಾನಂತೆ. (ಏನೂ ಮಾಡದೆ ಕೂರುವ ವಿಷಯದಲ್ಲಿ ಇವರ ಅನುಭವವನ್ನು ನಾನು ಪ್ರಶ್ನಿಸುವುದಿಲ್ಲ.) ಸಂಘದ ಅಧ್ಯಕ್ಷೆ ಗುನಿಲ್ಲಾ ನಿವೃತ್ತ ಟೀಚರು, ಅಳೆದು ತೂಗಿ ಮಾತಾಡುವವರು. ಎಲ್ಲ ಕೇಳಿ, ನಮ್ಮ ಅಜ್ಜ ಅಜ್ಜಿಯರು ಚಳಿಗೆ ಸೆಟೆದುಕೊಂಡರೆ ಏನು ಮಾಡುವುದು ಎಂದರಂತೆ. ನಮ್ಮವರಿಗೆ ರೋಷ ಬಂತು. ವಾರದ ಕೊನೆಗೆ ಸಮಿತಿಯೇ ನಮ್ಮ ಮನೆಗೆ ಬರಲಿ, ಹೀಟರ್ ಇಲ್ಲದೆ ಬದುಕಿ ತೋರಿಸುತ್ತೇನೆ ಎಂದು ಸವಾಲು ಹಾಕಿ ಬಂದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಇಂಥವರನ್ನು ಕಂಡೇ ಹೇಳಿದ್ದು.

ಸೋಮವಾರ ನಾನು ಕೆಲಸದಿಂದ ಬರುವಷ್ಟರಲ್ಲಿ ರೇಡಿಯೇಟರುಗಳೆಲ್ಲ ಬಂದ್ ಆಗಿದ್ದವು. ಕಿಟಕಿಯ ಸಂದುಗಳಿಗೆ ಟೇಪು ಬಿದ್ದಿತ್ತು. ಗೋಡೆಯ ಮೇಲೆ, ನಮ್ಮ ಮದುವೆಯ ಫೋಟೋ ಇದ್ದ ಜಾಗದಲ್ಲಿ ಥರ್ಮಾಮೀಟರ್ ನೇತಾಡುತ್ತಿತ್ತು.

“ರೀ, ಮನೆಯೊಳಗೆ ಮಂಕಿ ಕ್ಯಾಪ್ ಹಾಕ್ಕೊಂಡು ಕೂತಿದೀನಿ. ಇದೇನು ಸಂಸಾರನಾ?”

“ಇನ್ನೂ ಲೋಡ್ ಬಂದಿಲ್ಲ ಕಣೇ. ಆರು ಗಂಟೆಗೆ ಎಂಟುನೂರು ವ್ಯಾಟ್ ಬರತ್ತೆ.”

ಎಂಟುನೂರು ವ್ಯಾಟ್ ಬಂದು ಬಾಗಿಲಲ್ಲಿ ಬೂಟು ಬಿಚ್ಚಿತು. ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುವ ನಮ್ಮ ಕಡೆಯ ಹುಡುಗರು ಅವರು, ಯೋಗೀಶನ ನೇತೃತ್ವದಲ್ಲಿ. ಇವರು ಹೇಳಿದ ಕಡೆ ಗೋಡೆಗೊಬ್ಬ ಮೂಲೆಗೊಬ್ಬ ಕೂತು ಶಿಸ್ತಾಗಿ ಶಾಖ ಬಿಡತೊಡಗಿದರು. ಸ್ವಲ್ಪ ಹೊತ್ತಿಗೆ ಯೋಗೀಶ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ಅಕ್ಕ, ಊಟ ಇಲ್ಲೇನಾ ಎಂದು ಮೆಲ್ಲಗೆ ಕೇಳಿದ. ವ್ಯಾಟಿಗೂ ಹೊಟ್ಟೆ ಇರುತ್ತದೆ ಎಂಬುದು ಇವರ ಲೆಕ್ಕದಲ್ಲಿ ಇರಲಿಲ್ಲ. ದಿನವಿಡೀ ಬ್ರೆಡ್ಡು ತಿಂದು ಬಂದ ಮಕ್ಕಳನ್ನು ಬರಿಹೊಟ್ಟೆಯಲ್ಲಿ ಹೇಗೆ ಕಳಿಸುವುದು? ಮಂಕಿ ಕ್ಯಾಪ್ ತೆಗೆದು ಕುಕ್ಕರ್ ಇಟ್ಟೆ, ಇನ್ನೊಂದು ಒಲೆಯಲ್ಲಿ ಬೋಂಡಾಕ್ಕೆ ಎಣ್ಣೆ ಇಟ್ಟೆ. ಮನೆ ಬೆಚ್ಚಗಾಯಿತು. ಇವರು ಥರ್ಮಾಮೀಟರಿನ ಮುಂದೆ ಎದೆಯುಬ್ಬಿಸಿ ನಿಂತರು.

ಮಂಗಳವಾರ ಬಿಸಿಬೇಳೆ ಬಾತ್. ಬುಧವಾರ ಪೂರಿ ಸಾಗು. ಗುರುವಾರ ಹುಡುಗರು ತಾವಾಗಿಯೇ ಇನ್ನಿಬ್ಬರನ್ನು ಕರೆತಂದು, ಲೋಡ್ ಜಾಸ್ತಿಯಾದರೆ ಒಳ್ಳೆಯದಲ್ಲವಾ ಅಂದರು. ಪಾತ್ರೆ ತೊಳೆದು ಸೊಂಟ ಹಿಡಿದುಕೊಂಡು ನಿಂತು, ರೀ, ನನ್ನ ಕೈಲಿ ಇನ್ನಾಗಲ್ಲ ಎಂದೆ. ಇವರು ಕಾಗದದಿಂದ ಕಣ್ಣೆತ್ತಲೂ ಇಲ್ಲ.

“ನೀನ್ಯಾಕೆ ಅಡುಗೆ ಮಾಡ್ತೀಯ? ನಾನೇನು ಕೇಳಿದ್ನಾ? ಅವರು ಸುಮ್ನೆ ಕೂತ್ರೆ ಸಾಕು.”

ಆ ಮಾತು ನನಗೆ ಚುರುಕ್ ಎಂದಿತು. ನಾಲ್ಕು ದಿನ ಬೆಂದವಳು ನಾನು, ಬೇಯಲು ಯಾರು ಹೇಳಿದರು ಎಂದು ಕೇಳುವವರು ಇವರು. ಸರಿ, ಶುಕ್ರವಾರ ಗುನಿಲ್ಲಾ ತಮ್ಮ ಸಮಿತಿಯೊಂದಿಗೆ ಬರುವ ದಿನ ಮುಷ್ಕರ ಹೂಡಿದೆ. ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ತಣ್ಣನೆಯ ಮೊಸರವಲಕ್ಕಿ. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣಲಿಕ್ಕೇ ಇಲ್ಲದ ಮನೆಯಲ್ಲಿ ಜಗಳ ಎಲ್ಲಿ ಮುಗಿಯಬೇಕು?

ಥರ್ಮಾಮೀಟರ್ ಇಳಿಯತೊಡಗಿತು. ಹುಡುಗರು ಒಬ್ಬೊಬ್ಬರಾಗಿ ಎದ್ದು ಜಾಕೆಟ್ ಹಾಕಿಕೊಂಡು ಬಂದರು. ಸಮಿತಿಯವರು ಅಂಗೈ ಉಜ್ಜಿಕೊಂಡರು. ಗುನಿಲ್ಲಾ ಕೈಗವಸು ತೊಟ್ಟುಕೊಂಡೇ ಬ್ರೆಡ್ಡು ತಿಂದರು. ನಮ್ಮವರ ಮುಖ ನೋಡಿ ನನಗೆ ಪಾಪ ಅನ್ನಿಸಬೇಕಿತ್ತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ನಾಳೆಯಿಂದ ರೇಡಿಯೇಟರು ಇರುತ್ತದೆ, ಜನ ಇರುವುದಿಲ್ಲ, ಸಂಜೆ ನನ್ನದು ಎಂದು ಮನಸ್ಸಿನಲ್ಲೇ ಮಂಗಳಾರತಿ ಎತ್ತಿಬಿಟ್ಟೆ.

ಗುನಿಲ್ಲಾ ನಿಧಾನವಾಗಿ, ನಿನ್ನೆಯವರೆಗೆ ಬೆಚ್ಚಗಿತ್ತು ಅನ್ನುತ್ತೀರಿ, ಹಾಗಾದರೆ ಇವತ್ತು ಏನು ಬೇರೆ ಎಂದು ಕೇಳಿದರು. ಅವಲಕ್ಕಿಯನ್ನು ಚಮಚದಲ್ಲಿ ಕೆದಕುತ್ತಿದ್ದ ಯೋಗೀಶ ನಿಟ್ಟುಸಿರಿಟ್ಟ.

“ಅಕ್ಕ ಇವತ್ತು ಒಲೆ ಹಚ್ಚಿಲ್ಲ.”

ಇವರು ದಡಕ್ಕನೆ ಎದ್ದು ಅಡುಗೆಮನೆಗೆ ನಡೆದರು. ತಣ್ಣಗಿದ್ದ ಒಲೆಯ ಮೇಲೆ ಕೈಯಿಟ್ಟು ನೋಡಿ ನನ್ನ ಕಡೆ ತಿರುಗಿದರು.

“ಪ್ರಫುಲ್ಲಾ, ಇಷ್ಟು ದಿನ ಮನೆ ಕಾಯಿಸಿದ್ದು ಅವರಲ್ಲ ಕಣೇ. ನೀನು.”

ಮದುವೆಯಾದಾಗಿನಿಂದ ಇವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಪೆದ್ದಿಯ ಹಾಗೆ ಕೆನ್ನೆ ಕೆಂಪಾಗಿಸಿಕೊಂಡು ನಿಂತೆ. ಅಷ್ಟರಲ್ಲಿ ಇವರು ಪೆನ್ಸಿಲ್ ಹಿಡಿದಾಗಿತ್ತು. ನಕ್ಷೆಯ ಮೂಲೆಯಲ್ಲಿ ಕಾಫಿ ಕಾಯಿಸಲಷ್ಟೇ ಇದ್ದ ಗೂಡು ಭವನದ ನಟ್ಟನಡುವಿಗೆ ಬಂದು, ಗರ್ಭಗುಡಿಯಂಥ ಅಡುಗೆಮನೆಯಾಯಿತು. ಹೇಗೂ ಹಾಳಾಗಿ ಹೋಗುವ ಒಲೆಯ ಬಿಸಿ ಭವನಕ್ಕೆಲ್ಲ ಹರಿಯುತ್ತದೆ, ಚಳಿಗಾಲದ ಪ್ರತಿ ಶನಿವಾರ ಸಂಜೆ ಅಲ್ಲಿ ಸಾಮೂಹಿಕ ಅಡುಗೆಯಾದರೆ ಸಾಕು ಎಂದರು. ಸಮಿತಿ ಕೈಗವಸು ಹಾಕಿದ ಕೈಗಳನ್ನೆತ್ತಿ ಒಮ್ಮತದಿಂದ ಒಪ್ಪಿತು. ಅಡುಗೆ ಯಾರು ಮಾಡುವುದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನನ್ನು ನೋಡಿ ಪ್ರೀತಿಯಿಂದ ನಕ್ಕರು.

ಮುಂದಿನ ಚಳಿಗಾಲಕ್ಕೆ ಭವನ ಎದ್ದು ನಿಂತಿತು. ನಾನೂ ತಯಾರಾಗಿದ್ದೆ. ಕೇಳಲು ಬಂದರೆ ‘ನೇಯ್’ ಅನ್ನಬೇಕು. ಸ್ವೀಡಿಷಿನಲ್ಲಿ ಇಲ್ಲ ಅನ್ನಲು ಅಷ್ಟು ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿಕೊಂಡೆ.

ಉದ್ಘಾಟನೆಯ ಹಿಂದಿನ ದಿನ ಗುನಿಲ್ಲಾ ಫೋನ್ ಮಾಡಿದರು. ಹೊರಗೆ ಮೈನಸ್ ಹದಿನೆಂಟು, ಹೊಸ ಕಟ್ಟಡ ಹಿಮದ ಗಡ್ಡೆಯಾಗಿದೆ, ನಿಮಗೆ ತೊಂದರೆಯಾಗುವುದಾದರೆ ಖಂಡಿತ ಬೇಡ, ಆದರೆ ನಾಳೆ ಸಂಜೆ ಅಡುಗೆಗೆ ಬರುತ್ತೀರಾ ಎಂದು ಸಂಕೋಚದಿಂದ ಕೇಳಿದರು. ಎದುರಿಗೆ ಇವರು ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಬಾಯಿ ತೆರೆದೆ.

“ಎಷ್ಟು ಜನ ಬರ್ತಾರೆ?” ಅಂದುಬಿಟ್ಟೆ. “ಖಾರ ತಿಂತಾರಾ?”