ಮೆಟ್ಟಿಲ ಕೆಳಗಿನ ಮೇಜನ್ನು ತಿರುವನಂತಪುರವೆಂದು ಪರಿಗಣಿಸುವ ಬಗ್ಗೆ

ಕುಟುಂಬ ಜಾಗೃತಿ ಅನಿಮೇಷನ್ ವಿಭಾಗ (ಕನ್ನಡ)
ಕಥೆ ಮತ್ತು ಧ್ವನಿ ಘಟಕ, ಕಳಮಶ್ಶೇರಿ, ಕೊಚ್ಚಿ

ಸಂಖ್ಯೆ: ಕುಜಾ/ಅನಿ/ಶಿಶು/11/2025-26
ದಿನಾಂಕ: 21-11-2025

ಸುತ್ತೋಲೆ

ವಿಷಯ: ಹನ್ನೊಂದನೇ ಕಂತಿನ ತಯಾರಿಕೆಯ ವೇಳೆ ಕಚೇರಿಗೆ ಬಂದ ಮಗು, ಅದರ ಹಿಂದೆಯೇ ಬಂದು ವಾಪಸ್ ಹೋಗದೆ ಉಳಿದ ತಂದೆ, ಹಾಗೂ ಸದರಿ ತಂದೆ ಕುಳಿತಿರುವ ಮೇಜಿಗೆ ಊರು ನಿಗದಿಪಡಿಸುವ ಕುರಿತು.

ಉಲ್ಲೇಖ:
(ಅ) ಶ್ರೀ ವಿಶ್ವಾಸ್ ಅವರ ವರ್ಗಾವಣೆ ಅರ್ಜಿಗಳು (ಮೂರು).
(ಆ) ಅದೇ ವಿಷಯದ ನೆನಪೋಲೆಗಳು (ಒಂಬತ್ತು).
(ಇ) ಕೆಳಸಹಿದಾರರ ದೂರವಾಣಿ ಆದೇಶ, ದಿನಾಂಕ 29-10-2025, ಮಧ್ಯಾಹ್ನ 3.20 (ಏರುದನಿಯಲ್ಲಿ ನೀಡಲಾದದ್ದು).

1. ಈ ವಿಭಾಗವು ಕನ್ನಡ ಬಲ್ಲ ಕುಟುಂಬಗಳಿಗಾಗಿ ಒಂದು ಹಾಸ್ಯ ಅನಿಮೇಷನ್ ಧಾರಾವಾಹಿಯನ್ನು ತಯಾರಿಸುತ್ತಿರುವುದು ಸಿಬ್ಬಂದಿಗೆ ತಿಳಿದ ವಿಷಯವಾಗಿದೆ. ಕಥೆ ಮತ್ತು ಧ್ವನಿಯ ಕೆಲಸ ಕಳಮಶ್ಶೇರಿಯಲ್ಲೂ, ಚಿತ್ರ ಬಿಡಿಸುವ ಕೆಲಸ ಸುಮಾರು ಇನ್ನೂರು ಕಿಲೋಮೀಟರ್ ದೂರದ ತಿರುವನಂತಪುರದ ಕಳಕ್ಕೂಟಂನಲ್ಲೂ ನಡೆಯುತ್ತದೆ. ಎರಡನ್ನೂ ಒಂದೇ ಊರಿನಲ್ಲಿ ಏಕೆ ಇಟ್ಟಿಲ್ಲ ಎಂಬ ಬಗ್ಗೆ ಕಡತ ಲಭ್ಯವಿಲ್ಲ. ಹನ್ನೊಂದನೇ ಕಂತಿನಲ್ಲಿ ಗುರು ಮತ್ತು ಕೋಕಿಲಾ ಎಂಬ ಕಾರ್ಟೂನ್ ದಂಪತಿಗೆ ಮಗು ಹುಟ್ಟಿ, ಅವರು ದಿಕ್ಕು ತೋಚದೆ ಒದ್ದಾಡುತ್ತಾರೆ. ತಂದೆ ತಾಯಿ ಇಬ್ಬರೂ ಕೂಡಿಯೇ ಮಗುವನ್ನು ನೋಡಿಕೊಳ್ಳಬೇಕು ಎಂಬುದು ಕಂತಿನ ಸಂದೇಶವಾಗಿರುತ್ತದೆ.

2. ಸದರಿ ಕಂತಿನ ಕಥೆಯನ್ನು ಕಳಮಶ್ಶೇರಿಯ ಶ್ರೀಮತಿ ಸುಮಿತ್ರ ಅವರಿಗೂ, ಚಿತ್ರವನ್ನು ಕಳಕ್ಕೂಟಂನ ಶ್ರೀ ವಿಶ್ವಾಸ್ ಅವರಿಗೂ ವಹಿಸಲಾಗಿತ್ತು. ಇವರಿಬ್ಬರೂ ಗಂಡ ಹೆಂಡತಿ ಎಂಬುದು, ಇವರಿಗೆ ಇಂಚರಾ ಎಂಬ ನಾಲ್ಕು ತಿಂಗಳ ಮಗಳಿದ್ದಾಳೆ ಎಂಬುದು ಕೆಲಸ ಹಂಚಿದ ನಂತರ ಗಮನಕ್ಕೆ ಬಂದಿದೆ. ಕೊಚ್ಚಿಗೆ ವರ್ಗಾವಣೆ ಕೋರಿ ಶ್ರೀ ವಿಶ್ವಾಸ್ ಅವರು ಸಲ್ಲಿಸಿದ ಮೊದಲ ಅರ್ಜಿಯನ್ನು ಮದುವೆಗೆ ಪುರಾವೆ ಇಲ್ಲವೆಂದು ಹಿಂತಿರುಗಿಸಲಾಯಿತು. ಎರಡನೆಯದಕ್ಕೆ ಅವರು ಮದುವೆಯ ಫೋಟೋ ಲಗತ್ತಿಸಿದರು. ಫೋಟೋದಲ್ಲಿ ದಂಪತಿ ಒಂದೇ ಸ್ಥಳದಲ್ಲಿ ಅಕ್ಕಪಕ್ಕ ನಿಂತಿರುವುದು ಸ್ಪಷ್ಟವಾಗಿ ಕಂಡುಬಂದಿದ್ದರಿಂದ, ಬೇರೆ ಬೇರೆ ಊರುಗಳಲ್ಲಿದ್ದೇವೆ ಎಂಬ ವಾದವನ್ನು ತಳ್ಳಿಹಾಕಲಾಯಿತು. ಮೂರನೆಯ ಅರ್ಜಿಯ ಬಗ್ಗೆ ಕಂಡಿಕೆ 12 ನೋಡತಕ್ಕದ್ದು.

3. ಶ್ರೀಮತಿ ಸುಮಿತ್ರ ಅವರು ಬರೆದ ಮೊದಲ ಕರಡಿನಲ್ಲಿ ಗುರು ಶುಕ್ರವಾರ ರೈಲಿನಲ್ಲಿ ಬಂದು ಭಾನುವಾರ ಸಂಜೆ ಹೊರಟುಹೋಗುತ್ತಾನೆ. ಉಳಿದ ದಿನ ಕೋಕಿಲಾ ನಿಂತುಕೊಂಡೇ ಊಟ ಮಾಡುತ್ತಾಳೆ, ಮೆಟ್ರೋದಲ್ಲಿ ಹೆಗಲ ಮೇಲೆ ಹಾಲು ಕಕ್ಕಿಸಿಕೊಳ್ಳುತ್ತಾಳೆ, ತಲೆ ಬಾಚಿಕೊಂಡೆನೋ ಇಲ್ಲವೋ ಎಂದು ಲಿಫ್ಟಿನಲ್ಲಿ ಅಪರಿಚಿತರನ್ನು ಕೇಳುತ್ತಾಳೆ. ನಾಲ್ವರು ಸದಸ್ಯರ ಕಥಾ ಸಮಿತಿ ಇದನ್ನು ಪರಿಶೀಲಿಸಿತು. ಸಮಿತಿಯ ಸದಸ್ಯರು ಶಿಶುಗಳನ್ನು ಈ ಹಿಂದೆ ನಾಮಕರಣದ ಅತಿಥಿಗಳಾಗಿ ಮಾತ್ರ ಕಂಡವರಾಗಿರುತ್ತಾರೆ. 'ಇಂಥ ದಂಪತಿ ವಾಸ್ತವದಲ್ಲಿ ಇರಲು ಸಾಧ್ಯವಿಲ್ಲ' ಎಂದು ಷರಾ ಬರೆದು, ಗುರು ಪ್ರತಿದಿನ ಬೆಳಿಗ್ಗೆ ಶಿಳ್ಳೆ ಹಾಕುತ್ತ ಮಗುವಿಗೆ ಸ್ನಾನ ಮಾಡಿಸುವ ದೃಶ್ಯ ಸೇರಿಸುವಂತೆ ಸೂಚಿಸಲಾಯಿತು. ಶ್ರೀಮತಿ ಸುಮಿತ್ರ ಅವರು ಅದರಂತೆ ಬರೆದುಕೊಟ್ಟರು. ಬರೆಯುವಾಗ ಮಗು ಅವರ ಮಡಿಲಲ್ಲಿತ್ತು ಎಂಬುದನ್ನು ಸಮಿತಿಯು ಶಿಸ್ತುಕ್ರಮದ ದೃಷ್ಟಿಯಿಂದ ಗಮನಿಸಿದೆ.

4. ಸ್ನಾನದ ದೃಶ್ಯವನ್ನು ಶ್ರೀ ವಿಶ್ವಾಸ್ ಅವರು ಏಳು ಬಾರಿ ಬಿಡಿಸಿದರೂ ತಂದೆಯ ಕೈಗಳು ಅಸಹಜವಾಗಿವೆ ಎಂದು ಸಮಿತಿ ತಿರಸ್ಕರಿಸಿತು. ಮಗುವನ್ನು ಎತ್ತಿಕೊಂಡಿರುವ ಬದಲು ಕುಂಬಳಕಾಯಿಯನ್ನು ಅಳೆದು ನೋಡುತ್ತಿರುವಂತಿದೆ ಎಂಬುದು ಸದಸ್ಯರ ಅಭಿಪ್ರಾಯವಾಗಿತ್ತು. ವಿವರಣೆ ಕೇಳಿದಾಗ ಅವರು ನೀಡಿದ ಲಿಖಿತ ಉತ್ತರ ಹೀಗಿದೆ: "ನನ್ನ ಮಗಳಿಗೆ ನಾ ಇನ್ನೂ ಒಮ್ಮೆನೂ ಜಳಕಾ ಮಾಡಿಸಿಲ್ರಿ. ಕುತ್ತಿಗಿ ಹೆಂಗ ಹಿಡೀಬೇಕು ಗೊತ್ತಿಲ್ಲ. ಗೊತ್ತಿರೋರು ಯಾರರ ಇದ್ರ ಹೇಳ್ರಿ, ಹಂಗ ಬಿಡಸ್ತೀನಿ." ಸಮಿತಿಯಲ್ಲಿ ಗೊತ್ತಿರುವವರು ಯಾರೂ ಇಲ್ಲದ ಕಾರಣ ಉತ್ತರವನ್ನು ಅಸಮರ್ಪಕವೆಂದು ದಾಖಲಿಸಲಾಯಿತು.

5. ದಿನಾಂಕ 29-10-2025ರಂದು ಮಗು ಅಳುವ ಧ್ವನಿಯ ಮುದ್ರಣ ನಿಗದಿಯಾಗಿತ್ತು. ಕರೆಸಲಾಗಿದ್ದ ಧ್ವನಿ ಕಲಾವಿದರ ಅಳು ಬೆಕ್ಕಿನದಾಗಿ ಕೇಳಿಸಿತು. ಕೆಳಸಹಿದಾರರು ಸ್ವತಃ ಮೈಕಿನ ಮುಂದೆ ಅತ್ತು ತೋರಿಸಿದ್ದು, ಅದು ನಿವೃತ್ತಿಗೆ ಹತ್ತಿರವಿರುವ ನೌಕರನ ಅಳುವಾಗಿ ಕೇಳಿಸಿದೆ ಎಂದು ಧ್ವನಿ ತಂತ್ರಜ್ಞರು ವರದಿ ನೀಡಿದರು. ಅಂದು ಸ್ಥಳೀಯ ಹರತಾಳದಿಂದ ಶಿಶುವಿಹಾರ ಮುಚ್ಚಿದ್ದು, ಶ್ರೀಮತಿ ಸುಮಿತ್ರ ಅವರು ಮಗುವನ್ನು ಕಚೇರಿಗೆ ತಂದಿದ್ದರು. ಆದ್ದರಿಂದ ಕುಮಾರಿ ಇಂಚರಾ ಅವರನ್ನು ಮೈಕಿನ ಮುಂದೆ ಹಾಜರುಪಡಿಸಲಾಯಿತು. ಸದರಿಯವರು ಮೈಕಿನ ಸ್ಪಂಜನ್ನು ನೋಡಿ ನಲವತ್ತೆರಡು ನಿಮಿಷ ನಕ್ಕರು. ತಂತ್ರಜ್ಞರು ಯಂತ್ರವನ್ನು ಆರಿಸಿ ಊಟಕ್ಕೆ ಹೋದ ತಕ್ಷಣ ಅಳಲು ಆರಂಭಿಸಿದರು.

6. ಈ ಅಳು ಕೆಳಸಹಿದಾರರು ಕೇಂದ್ರ ಕಚೇರಿಯೊಂದಿಗೆ ವಿಡಿಯೋ ಸಭೆಯಲ್ಲಿದ್ದಾಗ ನಡೆದಿದೆ. ಮಗುವನ್ನು ನಿಯಮಾನುಸಾರ ಸುಮ್ಮನಾಗಿಸುವಂತೆ ಸ್ವಾಗತ ಕೌಂಟರಿನ ಶ್ರೀಮತಿ ಜುಬೈದಾ ಅವರಿಗೆ ಸೂಚಿಸಲಾಯಿತು. ಕಾಸರಗೋಡಿನವರಾದ ಅವರು ಕ್ಯಾಮೆರಾ ಚಾಲನೆಯಲ್ಲಿದ್ದಾಗಲೇ ನೀಡಿದ ಉತ್ತರವನ್ನು ಕಡತದಲ್ಲಿ ಯಥಾವತ್ತಾಗಿ ಇಡಲಾಗಿದೆ: "ಈ ಮೋಳಿಗೆ, ಇಷ್ಟು ಸಣ್ಣ ಹೆಣ್ಣುಮಗುವಿಗೆ, ನಿಮ್ಮ ನಿಯಮ ಎಲ್ಲಿ ಗೊತ್ತುಂಟು ಸರ್? ಅದರ ಅಮ್ಮನ ಮುಖ ನೋಡಿ ಒಮ್ಮೆ. ಆ ಹೆಣ್ಣು ನಿಂತಲ್ಲೇ ನಿದ್ದೆ ಮಾಡುತ್ತಾ ಉಂಟು."

7. ಕೆಳಸಹಿದಾರರು ನೋಡಿದರು. ಹೇಳಿಕೆ ಸರಿಯಾಗಿತ್ತು. ಶ್ರೀಮತಿ ಸುಮಿತ್ರ ಅವರು "ಸರ್, ಹತ್ತು ನಿಮಿಷ ಹಿಡ್ಕೊಳ್ತೀರಾ? ಹತ್ತೇ ನಿಮಿಷ" ಎಂದು ಮಗುವನ್ನು ಕೆಳಸಹಿದಾರರ ತೋಳಿಗೆ ವರ್ಗಾಯಿಸಿ, ಹೊರಗಿನ ಸದ್ದು ಒಳಬರದ ಮುದ್ರಣ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹತ್ತು ನಿಮಿಷಗಳು ಎರಡು ಗಂಟೆ ಹತ್ತು ನಿಮಿಷಗಳಾದವು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಕೆಳಸಹಿದಾರರು ಯಾವುದೇ ಕಡತವನ್ನು ಇಷ್ಟು ಹೊತ್ತು ಕೈಯಲ್ಲಿ ಹಿಡಿದವರಲ್ಲ. ಮಗುವನ್ನು ಮೇಜಿನ ಮೇಲೆ ಇಟ್ಟರೆ ಅಳುತ್ತಿತ್ತು, ಕುರ್ಚಿಯಲ್ಲಿ ಕುಳಿತರೆ ಅಳುತ್ತಿತ್ತು, ನಡೆದಾಡಿದರೆ ಮಾತ್ರ ಸುಮ್ಮನಿರುತ್ತಿತ್ತು. ಕಚೇರಿಯ ಪಡಸಾಲೆ ಎಷ್ಟು ಉದ್ದವಿದೆ ಎಂಬುದು ಅಂದು ತಿಳಿದುಬಂದಿದೆ.

8. ಮಧ್ಯಾಹ್ನ 3.20ಕ್ಕೆ, ಷರ್ಟಿಗೆ ಸಂಬಂಧಿಸಿದ ಒಂದು ಘಟನೆಯ ನಂತರ, ಕೆಳಸಹಿದಾರರು ಕಳಕ್ಕೂಟಂಗೆ ಕರೆ ಮಾಡಿ ಈ ಕೆಳಗಿನ ಆದೇಶ ನೀಡಿದರು: "ರೀ ವಿಶ್ವಾಸ್, ಏನ್ ಕೆಲ್ಸ ಇದ್ರೂ ಬಿಟ್ಟು ಈಗ್ಲೇ ಹೊರಟ್ ಬನ್ರೀ! ನಿಮ್ಮ ಮಗು ನನ್ನ ಮೇಲೆ..." ಆದೇಶ ಅಲ್ಲಿಗೆ ಮುಕ್ತಾಯವಾಗಿದೆ.

9. ಶ್ರೀ ವಿಶ್ವಾಸ್ ಅವರು ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಚಿತ್ರ ಬಿಡಿಸುವ ಉಪಕರಣ ಮತ್ತು ಎರಡು ಜೊತೆ ಬಟ್ಟೆಯೊಂದಿಗೆ ಹಾಜರಾದರು. ಮೆಟ್ಟಿಲ ಕೆಳಗೆ ಹಳೆಯ ಪ್ರಿಂಟರ್ ಇಟ್ಟಿದ್ದ ಮೇಜನ್ನು ಒರೆಸಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಲಸ ಆರಂಭಿಸಿದರು. ಮೂರನೇ ದಿನ, ಕಳಕ್ಕೂಟಂಗೆ ಮರಳುವಂತೆ ತಿಳಿಸಿದಾಗ ಅವರು ಎದ್ದು ನಿಂತು ವಿನಯದಿಂದಲೇ ಹೇಳಿದ್ದೇನೆಂದರೆ: "ಬಾ ಅಂತ ನೀವ ಹೇಳೀರಿ ಸರ, ಬಂದೀನಿ. ಹೋಗು ಅಂತ ಬರದು ಕೊಡ್ರಿ, ಹೋಗ್ತೀನಿ." ಬರೆದುಕೊಡಲು ಪ್ರಯತ್ನಿಸಲಾಯಿತು. ಆದರೆ ವಾಪಸಾತಿ ಆದೇಶದಲ್ಲಿ ಬರುವಿಕೆಯ ಆದೇಶದ ಸಂಖ್ಯೆಯನ್ನು ನಮೂದಿಸುವುದು ಕಡ್ಡಾಯ. ಬರುವಿಕೆಯ ಆದೇಶ ದೂರವಾಣಿಯಲ್ಲಿದ್ದು, ಅದಕ್ಕೆ ಸಂಖ್ಯೆ ಇಲ್ಲ. ಕಾನೂನು ಶಾಖೆಯ ಪ್ರಕಾರ ಸದರಿಯವರು ಬಂದೇ ಇಲ್ಲ. ಬಾರದವರನ್ನು ಕಳುಹಿಸಲು ಅವಕಾಶವಿಲ್ಲ.

10. ಈ ಅವಧಿಯಲ್ಲಿ ಸ್ನಾನದ ದೃಶ್ಯವನ್ನು ಎಂಟನೇ ಬಾರಿ ಬಿಡಿಸಲಾಗಿದ್ದು, ಸಮಿತಿ ಯಾವ ತಿದ್ದುಪಡಿಯೂ ಇಲ್ಲದೆ ಅಂಗೀಕರಿಸಿದೆ. ಗುರುವಿನ ಎಡಗೈ ಮಗುವಿನ ಕುತ್ತಿಗೆಯ ಹಿಂದೆ ಇದೆ. ಇದಕ್ಕಾಗಿ ಸಮಿತಿಯು ತನ್ನನ್ನು ತಾನು ಅಭಿನಂದಿಸಿಕೊಂಡಿದೆ.

11. ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ಯಾರೂ ಬಂದಿಲ್ಲ ಹಾಗೂ ಯಾರೂ ಹೋಗಬೇಕಿಲ್ಲ ಎಂಬ ಸ್ಥಿತಿಯನ್ನು ಕ್ರಮಬದ್ಧಗೊಳಿಸಲು ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಕ) ಕಳಮಶ್ಶೇರಿ ಕಚೇರಿಯ ಮೆಟ್ಟಿಲ ಕೆಳಗಿನ ಮೇಜು, ಅದರ ಕುರ್ಚಿ ಹಾಗೂ ಸುತ್ತಲಿನ ಮೂರು ಅಡಿ ನೆಲವನ್ನು ಆಡಳಿತಾತ್ಮಕ ಉದ್ದೇಶಗಳಿಗೆ ತಿರುವನಂತಪುರ ಎಂದು ಪರಿಗಣಿಸತಕ್ಕದ್ದು. ಗಡಿಯನ್ನು ಸೀಮೆಸುಣ್ಣದಿಂದ ಗುರುತಿಸಲಾಗಿದೆ. ಕಸ ಗುಡಿಸುವವರು ಗಡಿಯನ್ನು ಅಳಿಸಬಾರದು.

(ಖ) ಶ್ರೀ ವಿಶ್ವಾಸ್ ಎಲ್ಲಿದ್ದಾರೆ ಎಂದು ಯಾರಾದರೂ ವಿಚಾರಿಸಿದಲ್ಲಿ, ಅವರು ಕಣ್ಣೆದುರೇ ಇದ್ದರೂ 'ತಿರುವನಂತಪುರದಲ್ಲಿದ್ದಾರೆ' ಎಂದೇ ಉತ್ತರಿಸತಕ್ಕದ್ದು. ಬೆರಳು ಮಾಡಿ ತೋರಿಸುವುದನ್ನು ನಿಷೇಧಿಸಲಾಗಿದೆ.

(ಗ) ಶ್ರೀಮತಿ ಸುಮಿತ್ರ ಅವರು ಪತಿಯೊಂದಿಗೆ ಮಾತನಾಡಲು ಗಡಿ ದಾಟುವುದನ್ನು ಹೊರಜಿಲ್ಲಾ ಪ್ರವಾಸವೆಂದು ಪರಿಗಣಿಸಿ, ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಗಡಿಯ ಹೊರಗೆ ನಿಂತು ಮಾತನಾಡಿದಲ್ಲಿ ಅದು ದೂರವಾಣಿ ಸಂಭಾಷಣೆ ಎನಿಸುತ್ತದೆ. ಕಚೇರಿಯ ದೂರವಾಣಿಯನ್ನು ಸ್ವಂತ ಕೆಲಸಕ್ಕೆ ಬಳಸುವಂತಿಲ್ಲ.

(ಘ) ಮಗುವನ್ನು ತಾಯಿಯಿಂದ ತಂದೆಗೆ ಹಸ್ತಾಂತರಿಸುವಾಗ ರವಾನೆ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಒದ್ದೆಯಾಗಿದ್ದಲ್ಲಿ ಯಾವ ಜಿಲ್ಲೆಯಲ್ಲಿ ಒದ್ದೆಯಾಯಿತು ಎಂಬುದನ್ನು ಸ್ಪಷ್ಟಪಡಿಸಬೇಕು. ಗಡಿಯ ಮೇಲೆಯೇ ಒದ್ದೆಯಾದ ಪ್ರಕರಣಗಳನ್ನು ಜಂಟಿ ಸಮಿತಿಗೆ ಒಪ್ಪಿಸಲಾಗುವುದು.

(ಙ) ತಿರುವನಂತಪುರಕ್ಕೆ ಮಾತ್ರ ಸ್ಥಳೀಯ ರಜೆ ಘೋಷಣೆಯಾದ ದಿನಗಳಲ್ಲಿ ಮೇಜಿಗೆ ರಜೆ ಇರುತ್ತದೆ. ಅಲ್ಲಿ ಭಾರಿ ಮಳೆಯ ಮುನ್ನೆಚ್ಚರಿಕೆ ಇದ್ದಲ್ಲಿ ಶ್ರೀ ವಿಶ್ವಾಸ್ ಅವರು ಕೊಡೆ ಇಟ್ಟುಕೊಳ್ಳತಕ್ಕದ್ದು.

(ಚ) ಕುಮಾರಿ ಇಂಚರಾ ಅವರ ಮುಂದೆ ಸಿಬ್ಬಂದಿಯು ಕನ್ನಡವನ್ನೇ ಬಳಸಬೇಕು. ಮಗು ಮುಂದೆ ಮಲಯಾಳಂನಲ್ಲಿ ಉತ್ತರಿಸಿದಲ್ಲಿ ವಿಭಾಗವು ಹೊಣೆಯಾಗುವುದಿಲ್ಲ.

(ಛ) ಕೆಳಸಹಿದಾರರು ಪ್ರತಿದಿನ ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ಮಗುವನ್ನು ಎತ್ತಿಕೊಂಡು ಪಡಸಾಲೆಯಲ್ಲಿ ನಡೆಯುವುದನ್ನು ಕಚೇರಿ ತಪಾಸಣೆ ಎಂದು ಪರಿಗಣಿಸತಕ್ಕದ್ದು. ಇದರ ಬಗ್ಗೆ ಸಿಬ್ಬಂದಿ ಪರಸ್ಪರ ನೋಡಿಕೊಂಡು ನಗಬಾರದು.

12. ಉಲ್ಲೇಖದ ಮೂರನೇ ವರ್ಗಾವಣೆ ಅರ್ಜಿಯ ಸ್ಥಳ ಪರಿಶೀಲನೆಗೆ ಕೇಂದ್ರ ಕಚೇರಿಯ ಅಧಿಕಾರಿಯೊಬ್ಬರು ಕಳೆದ ವಾರ ಭೇಟಿ ನೀಡಿದ್ದರು. ದಂಪತಿ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದುದನ್ನು, ಶ್ರೀಮತಿ ಸುಮಿತ್ರ ಅವರು ಕುಳಿತುಕೊಂಡೇ ಊಟ ಮಾಡುತ್ತಿದ್ದುದನ್ನು ಅವರು ಕಣ್ಣಾರೆ ಕಂಡು, 'ಕುಟುಂಬ ಒಟ್ಟಿಗೇ ಇದೆ, ವರ್ಗಾವಣೆಯ ಅಗತ್ಯ ಕಂಡುಬರುವುದಿಲ್ಲ' ಎಂದು ವರದಿ ಸಲ್ಲಿಸಿದ್ದಾರೆ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಶ್ರೀ ವಿಶ್ವಾಸ್ ಅವರು ತಿರುವನಂತಪುರದಲ್ಲೇ ಮುಂದುವರಿಯತಕ್ಕದ್ದು. ತಿರಸ್ಕಾರವನ್ನು ತಿಳಿಸಿದಾಗ ದಂಪತಿ ಮುಖ ಮುಖ ನೋಡಿಕೊಂಡು ಬಹಳ ಹೊತ್ತು ನಕ್ಕದ್ದು ಇಲಾಖೆಯ ಘನತೆಗೆ ತಕ್ಕುದಲ್ಲವಾದರೂ, ಶ್ರೀಮತಿ ಸುಮಿತ್ರ ಅವರು ನಕ್ಕಿದ್ದನ್ನು ಈ ಘಟಕದಲ್ಲಿ ಜೂನ್‌ನಿಂದೀಚೆಗೆ ಯಾರೂ ಕಂಡಿರದ ಕಾರಣ ಕ್ರಮ ಕೈಗೊಂಡಿಲ್ಲ.

13. ಈ ಸುತ್ತೋಲೆ ಟೈಪ್ ಆಗುತ್ತಿರುವಾಗ ಕಳಕ್ಕೂಟಂನ ಹಿನ್ನೆಲೆ ಚಿತ್ರಕಾರ ಶ್ರೀ ಬೋಪಯ್ಯ ಅವರು ಸೂಟ್‌ಕೇಸ್ ಮತ್ತು ಮಡಚುವ ಕುರ್ಚಿಯೊಂದಿಗೆ ಸ್ವಾಗತ ಕೌಂಟರಿಗೆ ಬಂದಿರುತ್ತಾರೆ. ಅವರ ಪತ್ನಿ ಶ್ರೀಮತಿ ನಿಕಿತಾ ಅವರು ಕಳಮಶ್ಶೇರಿಯ ಪಕ್ಕದ ಏಲೂರಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದು, ಅವರಿಗೆ ಮುಂದಿನ ತಿಂಗಳು ಹೆರಿಗೆಯಾಗಲಿದೆ. ಶ್ರೀ ಬೋಪಯ್ಯ ಅವರನ್ನು ಯಾರೂ ಕರೆದಿಲ್ಲ. ವಿಚಾರಿಸಲಾಗಿ, "ತಿರುವನಂತಪುರದಲ್ಲಿ ಇನ್ನೊಬ್ಬರಿಗೆ ಜಾಗ ಇದೆ ಅಂತ ಕೇಳಿದೆ ಸರ್" ಎಂದು ತಿಳಿಸಿ, ಉತ್ತರಕ್ಕೆ ಕಾಯದೆ ಮೆಟ್ಟಿಲ ಕಡೆಗೆ ಹೋದರು. ಗಡಿಯನ್ನು ಮೂರರಿಂದ ಏಳು ಅಡಿಗೆ ವಿಸ್ತರಿಸಲಾಗಿದೆ.

(ಕೃಷ್ಣಮೂರ್ತಿ)
ಉಪನಿರ್ದೇಶಕರು
ಕಥೆ ಮತ್ತು ಧ್ವನಿ ಘಟಕ, ಕಳಮಶ್ಶೇರಿ
(ಎಡಗೈಯಲ್ಲಿ ಸಹಿ ಮಾಡಲಾಗಿದೆ, ಬಲಗೈ ತಪಾಸಣೆಯಲ್ಲಿದೆ)

ಪ್ರತಿಗಳು:
1. ಮುಖ್ಯಸ್ಥರು, ಚಿತ್ರ ಘಟಕ, ಕಳಕ್ಕೂಟಂ, ಅಲ್ಲಿ ಉಳಿದಿರುವ ಸಿಬ್ಬಂದಿಯನ್ನು ಎಣಿಸಿ ತಿಳಿಸುವ ಕೋರಿಕೆಯೊಂದಿಗೆ.
2. ಶ್ರೀಮತಿ ಸುಮಿತ್ರ, ಎದ್ದ ನಂತರ.
3. ಶ್ರೀ ವಿಶ್ವಾಸ್, ತಿರುವನಂತಪುರ, ನೋಂದಾಯಿತ ಅಂಚೆ ಮೂಲಕ.
4. ಕಥಾ ಸಮಿತಿಯ ಸದಸ್ಯರು, ಮಾಹಿತಿಗಾಗಿ, ಹಾಸ್ಯವೆಂದು ಭಾವಿಸಬಾರದು.
5. ಶ್ರೀಮತಿ ಜುಬೈದಾ, ಸೂಚನಾ ಫಲಕಕ್ಕೆ ಹಚ್ಚುವ ಸಲುವಾಗಿ. ಗುಂಡುಪಿನ್ನು ಬಳಸಬಾರದು, ಮಗು ಈ ವಾರದಿಂದ ಮಗುಚಿಕೊಳ್ಳುತ್ತಿದೆ, ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿದೆ.