ಓನರ್ ಮಗಳು ಸೋತ ಬಗೆ

ಆ ಭಾನುವಾರ ಬೆಳಿಗ್ಗೆ ಭಾರ್ಗವ ಹಲ್ಲುಜ್ಜುವುದಕ್ಕೂ ಮುಂಚೆ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಬರೆದು ಹಾಕದೇ ಇದ್ದಿದ್ದರೆ, ಅವನ ದಿನ ದೋಸೆಯಲ್ಲಿ ಶುರುವಾಗಿ ನಿದ್ದೆಯಲ್ಲಿ ಸುಖವಾಗಿ ಮುಗಿಯುತ್ತಿತ್ತು.

"ನಿನ್ನೆ ಬಿಟಿಎಂ ಲೇಔಟಿನಲ್ಲಿ ನಡೆದ ಬಾಕ್ಸಿಂಗ್ ಫೈನಲ್‌ನಲ್ಲಿ ನಮ್ಮ ಮಗಳು ವಿಭಾ ಕನ್ವಿನ್ಸಿಂಗ್ ಆಗಿ ಗೆದ್ದಳು. ನಿಮ್ಮೆಲ್ಲರ ಆಶೀರ್ವಾದವಿರಲಿ."

ಆ 'ಕನ್ವಿನ್ಸಿಂಗ್' ಸುಮ್ಮನೆ ಬಂದು ಕೂತದ್ದಲ್ಲ. ಪದ್ಮನಾಭನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಭಾರ್ಗವ, ಗಿರಾಕಿಯ ಮೂಗಿನ ಮೇಲೆ ಗಾಜು ಬದಲಾಯಿಸುತ್ತ "ಇದು ಕ್ಲಿಯರ್ರಾ? ಈಗ?" ಎಂದು ಕೇಳುವಷ್ಟೇ ಎಚ್ಚರದಿಂದ ಅದನ್ನು ಆರಿಸಿದ್ದ. ಯಾಕೆಂದರೆ ವಿಭಾಳ ಕೈಯಲ್ಲಿ ಸೋತವಳು ಸ್ಪಂದನಾ. ಸ್ಪಂದನಾಳ ತಂದೆ ಸೋಮನಾಥ್. ಚಿಕ್ಕಲಸಂದ್ರದ ಆ ಮನೆಯ ಮಾಲೀಕರು ಅವರೇ; ಮೇಲೆ ಅವರು, ಕೆಳಗೆ ಬಾಡಿಗೆಗೆ ಭಾರ್ಗವ. ಇಷ್ಟು ಕಡಿಮೆ ಬಾಡಿಗೆಗೆ ಇಷ್ಟು ದೊಡ್ಡ ಅಡುಗೆಮನೆ, ಇಪ್ಪತ್ತನಾಲ್ಕು ಗಂಟೆ ನೀರು, ಕಾರಿಗೆ ಜಾಗ ಇಡೀ ಸೌತ್ ಬೆಂಗಳೂರಿನಲ್ಲಿ ಎಲ್ಲೂ ಸಿಗುವುದಿಲ್ಲವೆಂದು ಅವನ ಹೆಂಡತಿ ವಾರಿಜಾ ದಿನಾ ದೀಪ ಹಚ್ಚುವಾಗ ದೇವರಿಗೂ ಗಂಡನಿಗೂ ಒಟ್ಟಿಗೇ ಜ್ಞಾಪಿಸುತ್ತಿದ್ದಳು. ಓನರ್ ಮಗಳು ಸೋತಿದ್ದಾಳೆ, ಆದರೆ ಮರ್ಯಾದೆಯಾಗಿ ಸೋತಿದ್ದಾಳೆ ಎಂದು ಕೇಳಿಸುವ ಪದ ಬೇಕಿತ್ತು. ಸಿಕ್ಕಿತ್ತು.

ಸಿಕ್ಕ ಸಮಾಧಾನ ಮೊದಲನೇ ದೋಸೆಯವರೆಗೂ ಬಾಳಲಿಲ್ಲ.

"ಅಪ್ಪಾ! ಕನ್ವಿನ್ಸಿಂಗಾ?" ವಿಭಾ ಫೋನನ್ನು ಅವನ ಚಟ್ನಿಯ ಮೇಲೆ ಹಿಡಿದಳು.

"ಗೆದ್ದೆ ಅಂತ ತಾನೇ ಬರ್ದಿರೋದು ಪುಟ್ಟಿ? ಐದಕ್ಕೈದು ಜಡ್ಜ್‌ಗಳೂ ನಿನಗೇ ಕೊಟ್ರಲ್ಲ."

"ಪ್ರತಿ ರೌಂಡೂ ಕೂದಲೆಳೆಯಲ್ಲಿ ಗೆದ್ರೂ ಐದಕ್ಕೈದು ಬರತ್ತೆ ಅಪ್ಪಾ. ಕನ್ವಿನ್ಸಿಂಗ್ ಅಂದ್ರೆ ಅವಳೂ ಚೆನ್ನಾಗಾಡಿದ್ಲು, ನಾನು ಇನ್ನೊಂಚೂರು ಚೆನ್ನಾಗಾಡ್ದೆ ಅಂತ. ನಾನು ಅವಳನ್ನ ಆಡೋಕೇ ಬಿಡ್ಲಿಲ್ಲ! ಕೊನೇ ರೌಂಡಲ್ಲಿ ಅವಳು ನನ್ನ ಮುಖಾನೇ ನೋಡ್ತಿರ್ಲಿಲ್ಲ, ಬೆಲ್ ಯಾವಾಗ ಹೊಡೀತಾರೋ ಅಂತ ಟೇಬಲ್ ಕಡೆ ನೋಡ್ತಿದ್ಲು. ಅದು ಡಾಮಿನೆಂಟ್. ನೀನು ನೋಡ್ಲಿಲ್ವಾ?"

ಭಾರ್ಗವ ನೋಡಿರಲಿಲ್ಲ. ಮೊದಲ ಬೆಲ್ಲಿಗೆ ಮುಚ್ಚಿದ ಕಣ್ಣನ್ನು ಅವನು ತೆರೆದದ್ದು ಪಕ್ಕದವರು ಬೆನ್ನು ತಟ್ಟಿ ಕಂಗ್ರಾಟ್ಸ್ ಹೇಳಿದ ಮೇಲೆಯೇ. ಊರಿನವರ ಕಣ್ಣು ಸರಿಮಾಡುವ ಮನುಷ್ಯ ಮಗಳ ಪಂದ್ಯವನ್ನು ಕಣ್ಣು ಮುಚ್ಚಿ ನೋಡಿದ ವಿಷಯ ಯಾರಿಗೂ ಗೊತ್ತಿರಲಿಲ್ಲ.

"ನೋಡ್ದೆ, ನೋಡ್ದೆ. ಸಖತ್ತಾಗಿತ್ತು," ಎಂದು ಗಡಿಬಿಡಿಯಲ್ಲಿ ಸಾಲನ್ನು ತಿದ್ದಿ 'ಡಾಮಿನೆಂಟ್ ಆಗಿ ಗೆದ್ದಳು' ಎಂದು ಮಾಡಿದ. ವಿಭಾ ಮುಖ ಅರಳಿಸಿಕೊಂಡು ಎರಡನೇ ದೋಸೆಗೆ ಹೋದಳು.

ಅಷ್ಟರಲ್ಲಿ ಎದುರುಮನೆಯ ನೀಲಗಂಗಮ್ಮ ಬಂದರು. ಕರಿಬೇವು ಕೇಳುವ ನೆಪ. ಅವರ ಕಾಂಪೌಂಡಿನಲ್ಲೇ ಆಳೆತ್ತರದ ಕರಿಬೇವಿನ ಗಿಡವಿತ್ತು.

"ಏನ್ ಧೈರ್ಯನಪ್ಪಾ ಭಾರ್ಗವ್ರೇ ನಿಮ್ದು! ಓನರ್ ಮಗಳನ್ನ ಬಡಿದಿದ್ದೂ ಅಲ್ದೆ, ಬೆಳಬೆಳಿಗ್ಗೆ ಡಂಗುರ ಬೇರೆ! ಸೋಮನಾಥರು ಬಾಲ್ಕನೀಲಿ ಫೋನ್ ಹಿಡ್ಕೊಂಡು ನಿಂತಿದಾರೆ. ಮುಖ ಸುಟ್ಟ ಬದನೆಕಾಯಿ ಆಗಿದೆ."

ವಾರಿಜಾ ಸಟ್ಟುಗ ಹಿಡಿದೇ ಹೊರಗೆ ಬಂದಳು. "ಅಳಿಸ್ರೀ ಅದನ್ನ!"

ಭಾರ್ಗವ ಅಳಿಸಿದ. ಅಳಿಸಿದ್ದೇ ತಪ್ಪಾಯಿತು. ಇದ್ದಾಗ ಯಾರೂ ಸರಿಯಾಗಿ ಓದಿರದ ಸಾಲನ್ನು ಈಗ ಎಲ್ಲರೂ ಹುಡುಕತೊಡಗಿದರು. 'ಏನು ಅಳಿಸಿದ್ದು?' 'ಮೊದಲು ಬೇರೆ ಏನೋ ಇತ್ತು.' 'ಡಾಮಿನೆಂಟ್ ಅಂತಿತ್ತು, ನಾನೇ ನೋಡ್ದೆ.' 'ಎರಡಕ್ಕೂ ಏನು ವ್ಯತ್ಯಾಸ?' ಕೊನೆಗೆ ನೀಲಗಂಗಮ್ಮನ ಯಜಮಾನರೂ ಬಡಾವಣೆಯ ಸಂಘದ ಅಧ್ಯಕ್ಷರೂ ಆದ ಪರಮಶಿವಯ್ಯನವರು ಚರ್ಚೆಗೆ ತೆರೆ ಎಳೆದರು: 'ಸಂಜೆ ಸಂಘದ ಹಾಲ್‌ನಲ್ಲಿ ಇಬ್ಬರೂ ಹೆಣ್ಣುಮಕ್ಕಳಿಗೆ ಸನ್ಮಾನ. ಗೆಲುವು ಯಾವ ತರಹದ್ದು ಎಂಬುದನ್ನು ಶ್ರೀ ಭಾರ್ಗವರು ಸ್ವತಃ ವಿವರಿಸಲಿದ್ದಾರೆ. ಬಿಸಿ ಬೋಂಡ ಇದೆ.'

ಬೋಂಡ ಇರುವುದರಿಂದ ಯಾರೂ ತಪ್ಪಿಸಿಕೊಳ್ಳುವುದಿಲ್ಲ ಎಂಬುದು ಭಾರ್ಗವನಿಗೆ ಗೊತ್ತಿತ್ತು.

ಉಳಿದಿದ್ದ ಒಂದೇ ದಾರಿ ಕೋಚ್ ತಿಮ್ಮರಾಯಪ್ಪ. ಇಬ್ಬರು ಹುಡುಗಿಯರಿಗೂ ಕಲಿಸಿದವರು ಅವರೇ. ಎರಡು ಪದಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಅವರ ಬಾಯಲ್ಲಿ ಹೇಳಿಸಿಬಿಟ್ಟರೆ ಗಂಡಾಂತರ ಕಳೆದಂತೆ. ಭಾನುವಾರ ಅವರು ಉತ್ತರಹಳ್ಳಿ ರಸ್ತೆಯ ದರ್ಶಿನಿಯೊಂದರ ಮುಂದೆ ನಿಂತು ಇಡ್ಲಿ ತಿನ್ನುತ್ತಿರುತ್ತಾರೆ. ಭಾರ್ಗವ ಓಡಿದ.

"ವ್ಯತ್ಯಾಸ ಇಲ್ವಾ?" ತಿಮ್ಮರಾಯಪ್ಪ ಇಡ್ಲಿ ತಟ್ಟೆಯನ್ನು ಕೆಳಗಿಟ್ಟ ರೀತಿಗೇ ಭಾರ್ಗವನಿಗೆ ಭಯವಾಯಿತು. "ಸಾರ್, ಈಗ ನೀವು ಎಲ್ಲಿಗೆ ಹೊರಟಿದ್ರಿ?"

"ಕಾಫಿ ತಗೊಳ್ಳೋಣ ಅಂತ, ಕೌಂಟರ್‌ಗೆ…"

"ಹೋಗಿ. ನಾನು ನಿಮ್ಮನ್ನ ಮುಟ್ಟಲ್ಲ."

ಭಾರ್ಗವ ಎಡಕ್ಕೆ ಹೆಜ್ಜೆ ಇಟ್ಟ. ಅಲ್ಲಿ ತಿಮ್ಮರಾಯಪ್ಪ. ಬಲಕ್ಕೆ ಸರಿದ. ಅಲ್ಲೂ ತಿಮ್ಮರಾಯಪ್ಪ. ಎಡಗೈ ಅವನ ಮೂಗಿನ ತುದಿಗೆ ಬಂದು, ತಾಕದೆ ವಾಪಸು ಹೋಯಿತು. ಭಾರ್ಗವ ಒಂದು ಹೆಜ್ಜೆ ಹಿಂದಿಟ್ಟ. ಕೈ ಮತ್ತೆ ಬಂತು, ಇನ್ನೊಂದು ಹೆಜ್ಜೆ. ನೋಡುವವರು ಕಾಫಿ ಲೋಟ ಹಿಡಿದು ಸಾಲಾಗಿ ನಿಂತರು. "ಅಂಕಲ್, ರೈಟ್‌ಗೆ ಹೋಗಿ!" ಎಂದು ಯಾರೋ ಕೂಗಿದರು. ಅಂಕಲ್ ರೈಟ್‌ಗೆ ಹೋಗಲು ನೋಡಿ, ಹಿಂದಕ್ಕೇ ಹೋಗಿ, ಗೂಳಪ್ಪನ ಸೊಪ್ಪಿನ ಗಾಡಿಯ ಮೇಲೆ, ದಂಟು ಮತ್ತು ಮೆಂತ್ಯದ ನಡುವೆ ಕೂತುಬಿಟ್ಟ.

"ಸಾರ್, ಸೊಪ್ಪು! ಈಗ್ತಾನೇ ನೀರು ಚಿಮ್ಸಿದೀನಿ!" ಗೂಳಪ್ಪ ಬಾಯಿ ಬಡಿದುಕೊಂಡ. ಅದು ಭಾರ್ಗವನ ಪ್ಯಾಂಟಿಗೆ ಆಗಲೇ ತಿಳಿದಿತ್ತು.

"ಒಂದೇಟು ಹೊಡೆದ್ನಾ?" ತಿಮ್ಮರಾಯಪ್ಪ ಕೇಳಿದರು. "ಇಲ್ಲ. ನೀವು ಹೊರಟಿದ್ದು ಕಾಫಿಗೆ, ಬಂದಿದ್ದು ಸೊಪ್ಪಿಗೆ. ಎಲ್ಲಿ ನಿಲ್ಬೇಕು, ಯಾವಾಗ ನಡೀಬೇಕು, ಎಲ್ಲ ನಾನೇ ಹೇಳ್ದೆ, ನೀವು ಮಾಡಿದ್ರಿ. ಅದು ಡಾಮಿನೆಂಟ್. ಕನ್ವಿನ್ಸಿಂಗ್ ಅಂದ್ರೆ ನೀವು ಹಂಗೋ ಹಿಂಗೋ ಕೌಂಟರ್ ತನಕ ಬಂದಿರ್ತಿದ್ರಿ, ಆದ್ರೆ ಕಾಫಿ ನಾನು ಕುಡಿದಿರ್ತಿದ್ದೆ. ಎದುರಿಗಿರೋನು ಗೆಲ್ಲೋಕೆ ಬಂದು, ಗೆಲ್ಲೋದನ್ನ ಮರೆತು, ಮನೆಗೆ ಹೋದ್ರೆ ಸಾಕಪ್ಪಾ ಅನ್ಬೇಕು. ನೋಡಿ ಇಲ್ಲಿ."

ಅವರು ಫೋನಿನಲ್ಲಿ ನಿನ್ನೆಯ ಪಂದ್ಯದ ವಿಡಿಯೊ ಹಾಕಿದರು. ಮೆಂತ್ಯದ ಎಲೆ ಅಂಟಿದ ಕೈಯಲ್ಲೇ ಭಾರ್ಗವ ಫೋನ್ ಹಿಡಿದ. ಈ ಸಲ ಕಣ್ಣು ಮುಚ್ಚಲಿಲ್ಲ.

ಮನೆಯಲ್ಲಿ ಟವೆಲ್ ಎಲ್ಲಿದೆ ಎಂದು ಕೂಗುವ ಹುಡುಗಿ ರಿಂಗಿನ ನಡುವೆ ಮನೆಯೊಡತಿಯ ಹಾಗೆ ನಿಂತಿದ್ದಳು. ಅವಸರವಿಲ್ಲ, ಕೋಪವಿಲ್ಲ. ಸ್ಪಂದನಾ ಬಂದಾಗ ಒಂದಂಗುಲ ಹಿಂದೆ ಸರಿದು ಅವಳ ಏಟನ್ನು ಗಾಳಿಗೆ ಕೊಡುವಳು, ಅದು ವಾಪಸು ಹೋಗುವಷ್ಟರಲ್ಲಿ ತನ್ನದನ್ನು ತಲುಪಿಸುವಳು. ಸ್ಪಂದನಾ ಬಲಕ್ಕೆ ಹೋಗಬೇಕೆಂದುಕೊಂಡಾಗ ಬಲಗಡೆ ಇವಳಿದ್ದಳು. ಎರಡನೇ ರೌಂಡಿನ ಹೊತ್ತಿಗೆ ಸ್ಪಂದನಾ ಹೊಡೆಯುವುದನ್ನೇ ಕಡಿಮೆ ಮಾಡಿದ್ದಳು. ಕೊನೆಯಲ್ಲಿ ಅವಳು ನಿಜವಾಗಿಯೂ ಟೇಬಲ್ ಕಡೆ ನೋಡುತ್ತಿದ್ದಳು. ಅದಾದ ಮೇಲೆ ವಿಭಾ ಜೋರಾಗಿ ಹೊಡೆಯಲೂ ಇಲ್ಲ. ಅದರ ಅಗತ್ಯವಿರಲಿಲ್ಲ.

"ಇನ್ನೊಂದ್ಸಲ ಹಾಕಿ," ಎಂದ ಭಾರ್ಗವ.

ಕೂತು ಕೆಡಿಸಿದ ಸೊಪ್ಪನ್ನೆಲ್ಲ ಕೊಂಡು, ಎರಡು ಚೀಲ ಹೊತ್ತು ಮನೆಗೆ ಬಂದರೆ ಗೇಟಿನಲ್ಲೇ ಸೋಮನಾಥ್ ನಿಂತಿದ್ದರು. ಮುಖ ನೀಲಗಂಗಮ್ಮ ಹೇಳಿದ ಹಾಗೇ ಇತ್ತು.

"ಭಾರ್ಗವ್ ಅವರೇ, ಬೆಳಿಗ್ಗೆಯಿಂದ ನಮ್ಮನೇಲಿ ಯಾರಿಗೂ ನೆಮ್ಮದಿ ಇಲ್ಲ. ಸಂಜೆ ಮೊದಲನೇ ಸಾಲಲ್ಲೇ ಕೂತ್ಕೋತೀನಿ. ನೀವು ಏನ್ ಹೇಳ್ತೀರೋ ಕೇಳ್ಬೇಕು ನಾನು."

"ಸಾರ್, ಸೊಪ್ಪು ತಗೊಳ್ತೀರಾ?" ಎಂದ ಭಾರ್ಗವ.

ಟೆರೇಸಿನಿಂದ ನಗು ಕೇಳಿಸಿತು. ಸೋತವಳೂ ಗೆದ್ದವಳೂ ಅಕ್ಕಪಕ್ಕ ಕೂತು, ಒಬ್ಬಳು ಮೂಗಿಗೆ ಐಸ್ ಒತ್ತಿಕೊಂಡು, ಒಂದೇ ಫೋನಿನಲ್ಲಿ ಏನೋ ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದರು. ನೆಮ್ಮದಿ ಇಲ್ಲದ 'ಯಾರಿಗೂ' ಎಂಬುದರಲ್ಲಿ ಸ್ಪಂದನಾ ಸೇರಿರಲಿಲ್ಲ.

ಸಂಜೆ ಹಾಲ್ ತುಂಬಿತ್ತು. ಭಾರ್ಗವ ಮೈಕಿನ ಮುಂದೆ ನಿಂತ. ಮೊದಲ ಸಾಲಿನಲ್ಲಿ ಸೋಮನಾಥ್ ದಂಪತಿ. ಪಕ್ಕದಲ್ಲಿ ವಾರಿಜಾ, ಕಣ್ಣಿನಲ್ಲೇ ಅಡುಗೆಮನೆಯನ್ನು ಜ್ಞಾಪಿಸುತ್ತ. ವೇದಿಕೆಯ ಮೇಲೆ ಸ್ಪಂದನಾಳ ಪಕ್ಕ ಮೈಸೂರು ಪೇಟ ಹಾಕಿಸಿಕೊಂಡ ವಿಭಾ, ಕೈಕಟ್ಟಿಕೊಂಡು.

"ಕ್ರೀಡೆ ಎನ್ನುವುದು ಆರೋಗ್ಯಕ್ಕೆ ಒಳ್ಳೆಯದು," ಎಂದು ಶುರುಮಾಡಿದ. ನೀರಿನ ಸಮಸ್ಯೆಗೆ ಹೋದ. ಬೀದಿನಾಯಿಗಳನ್ನು ಮುಟ್ಟಿದ. ಅಂಗಡಿಯ ರಿಯಾಯಿತಿಗೆ ಬರುವಷ್ಟರಲ್ಲಿ ಪರಮಶಿವಯ್ಯನವರು ತಡೆದರು.

"ಭಾರ್ಗವ್ರೇ, ಬೋಂಡ ತಣ್ಣಗಾಗ್ತಿದೆ. ಕನ್ವಿನ್ಸಿಂಗೋ ಡಾಮಿನೆಂಟೋ, ಅದನ್ನ ಹೇಳಿ."

ಭಾರ್ಗವ ಮಗಳ ಕಡೆ ನೋಡಿದ. ಬೆಳಿಗ್ಗೆ ವಿಡಿಯೊದಲ್ಲಿ ಕಂಡ ಹುಡುಗಿ ನೆನಪಾದಳು. ಅವಸರವಿಲ್ಲದೆ, ಕೋಪವಿಲ್ಲದೆ ನಿಂತವಳು. ಅವಳ ಅಪ್ಪ ಒಂದು ಪದಕ್ಕೆ ಹೆದರುತ್ತಿದ್ದಾನೆ.

"ಡಾಮಿನೆಂಟ್," ಎಂದ. ತನ್ನ ಧ್ವನಿಗೆ ತಾನೇ ಬೆಚ್ಚಿದ. "ಬರೀ ಗೆದ್ದಿದ್ದಲ್ಲ. ಸ್ಪಂದನಾ ಒಳ್ಳೇ ಆಟಗಾರ್ತಿ, ಬೇರೆ ಯಾರ ಮೇಲಾದ್ರೂ ಗೆಲ್ತಿದ್ಲು. ಆದ್ರೆ ನಿನ್ನೆ ನಮ್ಮ ವಿಭಾ ಅವಳ ಆಟಾನೇ ಇಸ್ಕೊಂಡುಬಿಟ್ಲು. ಎಲ್ಲಿ ನಿಲ್ಬೇಕು ಅಂತ ಕೂಡ ಇವಳೇ ತೀರ್ಮಾನ ಮಾಡಿದ್ಲು. ಒಂದು ನಿಮಿಷಾನೂ ಅನುಮಾನ ಇರ್ಲಿಲ್ಲ."

ವಾರಿಜಾ ಕಣ್ಣು ಮುಚ್ಚಿಕೊಂಡಳು. ಸೋಮನಾಥ್ ಎದ್ದರು, ದಡದಡನೆ ವೇದಿಕೆ ಹತ್ತಿದರು, ಭಾರ್ಗವನನ್ನು ಎರಡೂ ಕೈಯಿಂದ ಹಿಡಿದು… ಅಪ್ಪಿಕೊಂಡರು.

"ಈ ಮಾತಿಗೇ ಬೆಳಿಗ್ಗೆಯಿಂದ ಕಾಯ್ತಿದ್ದೆ ಕಣ್ರೀ! ಕನ್ವಿನ್ಸಿಂಗ್ ಅಂತ ನೀವು ಹಾಕಿದ್ದೇ ಹಾಕಿದ್ದು, ನನ್ನ ಹೆಂಡ್ತಿ, ದಿನಾ ಇನ್ನೊಂಚೂರು ಬೇಗ ಎಬ್ಬಿಸಿ ಪ್ರಾಕ್ಟೀಸ್‌ಗೆ ಕಳ್ಸಿದ್ರೆ ಗೆಲ್ತಿದ್ಲು, ನೀವೇ ಸೋಮಾರಿ ಅಂತ ಒಂದೇ ಸಮ. ಈಗ ಕೇಳಿದ್ಯೇನೇ? ಡಾಮಿನೆಂಟ್! ನಾನು ಎಬ್ಬಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ!"

ಚಪ್ಪಾಳೆಯೋ ಚಪ್ಪಾಳೆ. ವಿಭಾ ಓಡಿ ಬಂದು ಅಪ್ಪನ ತಲೆಗೆ ತನ್ನ ಪೇಟ ಇಟ್ಟಳು. ಭಾರ್ಗವ ಮೂರು ಬೋಂಡ ತಿಂದ. ಸತ್ಯ ಹೇಳಿದರೆ ಇಷ್ಟು ಹಸಿವಾಗುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯದನ್ನು ಕೈಗೆತ್ತಿಕೊಂಡಾಗ ಸೋಮನಾಥ್ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದರು.

"ನಿಮ್ಮ ಭಾಷಣ ಕೇಳಿ ನನ್ನ ಕಣ್ಣು ತೆರೀತು. ಇಬ್ರಿಗೂ ಒಂದೇ ಕೋಚ್, ಒಂದೇ ತೂಕ. ಬರೀ ಗೆದ್ದಿದ್ರೆ ಅದೃಷ್ಟ ಅಂತ ಬಿಡ್ತಿದ್ದೆ. ಆದ್ರೆ ಈ ಪಾಟಿ ಡಾಮಿನೇಟ್ ಮಾಡಿದಾಳೆ ಅಂದ್ಮೇಲೆ ಕಾರಣ ಬೇರೆ ಇರ್ಬೇಕಲ್ಲ? ಈಗ್ಲೇ ವಾಸ್ತು ನೋಡೋ ಯಲ್ಲಯ್ಯನವರಿಗೆ ಫೋನ್ ಮಾಡ್ದೆ. ಅವರು ಪಟ್ ಅಂತ ಹೇಳಿದ್ರು: ಭೂಮಿ ಶಕ್ತಿ ನೆಲಮಹಡೀಲಿ ನೇರ ಕಾಲಿಗೆ ಹತ್ತುತ್ತೆ, ಮೇಲಿನ ಮನೆಗೆ ಬರೋಷ್ಟರಲ್ಲಿ ಸುಸ್ತಾಗತ್ತೆ ಅಂತ. ಅದಕ್ಕೇ ನಾವು ಕೆಳಗೆ ಬರ್ತಿದೀವಿ. ನೀವು ತಿಂಗಳೊಪ್ಪತ್ತಿನಲ್ಲಿ ಬೇರೆ ಮನೆ ನೋಡ್ಕೊಳ್ಳಿ."

ಭಾರ್ಗವನ ಕೈಯಿಂದ ಬೋಂಡ ಜಾರಿತು. "ಹಾಗಾದ್ರೆ… ನಾವು ಮೇಲಕ್ಕೆ?"

"ಅದನ್ನ ಪಿಜಿಗೆ ಕೊಡ್ತಿದೀನಿ. ಬೇಜಾರು ಮಾಡ್ಕೋಬೇಡಿ, ಮಗಳ ಭವಿಷ್ಯ."

ಭಾರ್ಗವ ಅವರ ಎರಡೂ ಕೈ ಹಿಡಿದುಕೊಂಡ. "ಸೋಮನಾಥ್ ಸಾರ್, ಒಂದ್ನಿಮಿಷ. ನಾನು ವೇದಿಕೆ ಮೇಲೆ ಸ್ವಲ್ಪ ಜಾಸ್ತಿ ಹೇಳ್ಬಿಟ್ಟೆ. ನಿಜ ಹೇಳ್ಬೇಕೂಂದ್ರೆ ಅದು ಅಂಥಾ ಡಾಮಿನೆಂಟ್ ಏನಲ್ಲ. ಕನ್ವಿನ್ಸಿಂಗು, ಅಷ್ಟೇ. ಅದೂ ಕಷ್ಟಪಟ್ಟು!"

ಸೋಮನಾಥ್ ಭಾರ್ಗವನ ಭುಜದ ಹಿಂದೆ ಯಾರನ್ನೋ ನೋಡುತ್ತಿದ್ದರು.

"ಅಪ್ಪಾ," ಹಿಂದಿನಿಂದ ವಿಭಾಳ ಧ್ವನಿ ಬಂತು, "ಏನಂದೆ?"